ಕಾಯಿಲೆ ಬೀಳದವರು

ಬರುವ ಹೆಂಗಸನ್ನು ಎಲ್ಲಿ ಕೂರಿಸುವುದು ಎಂಬುದು ಬೆಳಗಿನಿಂದ ಅವನ ತಲೆ ತಿನ್ನುತ್ತಿತ್ತು. ಕಾರ್ಖಾನೆಯ ಮುಂದಿನ ಕೋಣೆಯಲ್ಲಿದ್ದದ್ದು ಎರಡೇ ಕುರ್ಚಿ. ಗಾಲಿ ಇರುವುದು ಅವನದು. ಇನ್ನೊಂದು ಗಿರಾಕಿಗಳದು, ಅದರ ಒಂದು ಕಾಲು ಬೆರಳಿನಷ್ಟು ಗಿಡ್ಡ. ಕೂತ ಗಿರಾಕಿ ಮಾತಿನ ನಡುವೆ ಟಕ್ಕೆಂದು ವಾಲಿ ಬೆಚ್ಚಿಬೀಳುತ್ತಾನೆ, ಆ ಹೊತ್ತಿಗೆ ಸರಿಯಾಗಿ ದರ ಹೇಳಿಬಿಟ್ಟರೆ ಚೌಕಾಸಿ ಮಾಡುವುದಿಲ್ಲ ಎಂದು ಅಪ್ಪ ಅದನ್ನು ರಿಪೇರಿ ಮಾಡಿಸದೆ ಹಾಗೇ ಬಿಟ್ಟಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಅವನೂ ಬಿಟ್ಟಿದ್ದ. ಆದರೆ ಈ ಹೆಂಗಸು ಗಿರಾಕಿಯಲ್ಲ, ನೌಕರರ ಸವಲತ್ತಿನ ಸಲಹೆಗಾರ್ತಿ. ರಟ್ಟಿನ ಪೆಟ್ಟಿಗೆ ಮಾಡುವ ಹನ್ನೊಂದು ಜನರ ಕಾರ್ಖಾನೆಗೆ ಅಷ್ಟುದ್ದದ ಪದವೇ ಅತಿಯಾಯಿತು ಎನ್ನಿಸಿತು. ಆದರೂ ರಟ್ಟಿನ ಚೂರೊಂದನ್ನು ನಾಲ್ಕು ಮಡಿಕೆ ಮಾಡಿ ಗಿಡ್ಡ ಕಾಲಿನ ಕೆಳಗೆ ತುರುಕಿ, ತಾನೇ ಕೂತು ನೋಡಿದ. ವಾಲಲಿಲ್ಲ. ಅಲ್ಲಿ ಕೂತಾಗಲೇ ಅವನಿಗೆ ಕಂಡದ್ದು, ಹಿಂದಿನ ಶೆಡ್ಡಿನಿಂದ ಯಾರಾದರೂ ಮಾತಾಡಲು ಬಂದರೆ ಈ ಕೋಣೆಯಲ್ಲಿ ಅವರಿಗೆ ಕೂರಲು ಏನೂ ಇಲ್ಲ ಎಂಬುದು. ಬಂದವರು ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಅದರಲ್ಲೇನಿದೆ, ಎರಡು ನಿಮಿಷದ ಮಾತು, ಎಂದುಕೊಂಡು ಎದ್ದು ತನ್ನ ಕುರ್ಚಿಗೆ ಮರಳಿದ.

ಇಷ್ಟಕ್ಕೆಲ್ಲ ಕಾರಣ ರಟ್ಟು ಕತ್ತರಿಸುವವನು. ಹದಿನಾರು ವರ್ಷ ಇದ್ದವನು ಕಳೆದ ತಿಂಗಳು ಬಾಗಿಲಲ್ಲಿ ನಿಂತು, "ಬೇರೆ ಕಡೆ ಕರೀತಿದ್ದಾರೆ ಸಾರ್. ಅಲ್ಲಿ ಆಸ್ಪತ್ರೆ ಕಾರ್ಡು ಕೊಡ್ತಾರೆ, ಹೆಂಡ್ತಿ ಮಕ್ಕಳಿಗೂ ಸೇರಿ" ಎಂದ. ಸಂಬಳ ಹೆಚ್ಚು ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದು ಕಾರ್ಡಿಗೆ! "ಇಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ನಾನಿಲ್ವೇನಯ್ಯಾ?" ಎಂದು ಕೇಳಿದ್ದ. ಕತ್ತರಿಸುವವನು ನೆಲ ನೋಡಿ ನಕ್ಕು, "ಇದ್ದೀರಿ ಸಾರ್" ಎಂದಿದ್ದ. ಆ ನಗು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ತಿಂಗಳಿನಿಂದ ಕಾಡುತ್ತಿತ್ತು. ನಾನಿದ್ದೇನೆ ಎಂಬುದು ಸುಮ್ಮನೆ ಬಾಯಿಗೆ ಬಂದ ಮಾತಾಗಿರಲಿಲ್ಲ; ಯಾರಾದರೂ ಬಂದು ಕಷ್ಟ ಹೇಳಿಕೊಂಡರೆ ಇಲ್ಲವೆನ್ನಬಾರದು ಎಂದು ಅವನು ನಿಜವಾಗಿ ಅಂದುಕೊಂಡಿದ್ದ. ಬರಲಿಲ್ಲ ಅಷ್ಟೆ. ಅವನ ಜನ ಕಾಯಿಲೆ ಬೀಳುತ್ತಲೇ ಇರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಕಾಯಿಲೆಯವನು ಅವನೊಬ್ಬನೇ: ಗೋಂದಿನ ವಾಸನೆ ಹತ್ತಿದರೆ ಸಾಕು, ಒಂದರ ಹಿಂದೆ ಒಂದು ಏಳೆಂಟು ಸೀನು. ಅದಕ್ಕೇ ಅವನು ಶೆಡ್ಡಿಗೆ ಹೋಗುವುದು ಅಪರೂಪವಾಗಿತ್ತು. ಶೆಡ್ಡಿನ ಹಿಂಬಾಗಿಲ ಬೀಗದ ಕೈ ಅಲ್ಲಿ ಪೆಟ್ಟಿಗೆ ಮಾಡುವ ಚುಕ್ಕಿಯಕ್ಕನ ಹತ್ತಿರ. ಸಂಜೆ ಮುಗಿದ ಪೆಟ್ಟಿಗೆಗಳು ಗೋಡೆಯ ಕಿಂಡಿಯಿಂದ ಈಚೆಗೆ ಬರುತ್ತಿದ್ದವು.

ನಾಲ್ಕು ಗಂಟೆಗೆ ಭಾವಮೈದ ಬರುವವನಿದ್ದ. "ರೀ, ಸುಮ್ನೆ ಸಹಿ ಹಾಕಿಬಿಡಿ. ಹೊರಗಿನೋರಿಗೆ ಕೊಡೋ ಬದಲು ನನ್ನ ತಮ್ಮನಿಗೆ ಕೊಟ್ಟ ಹಾಗಾಗುತ್ತೆ, ನಿಮಗೂ ತಲೆನೋವಿಲ್ಲ" ಎಂದು ಹೆಂಡತಿ ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಹೇಳಿದ್ದಳು. ಭಾವಮೈದ ಈ ವರ್ಷ ವಿಮೆಯ ಏಜೆನ್ಸಿ ಹಿಡಿದಿದ್ದ. ಅದಕ್ಕೆ ಮುಂಚೆ ನೀರಿನ ಫಿಲ್ಟರು, ಅದಕ್ಕೂ ಮುಂಚೆ ವ್ಯಾಯಾಮದ ಯಂತ್ರ. ಅವನು ಮಾರಿದ ವ್ಯಾಯಾಮದ ಯಂತ್ರದ ಮೇಲೆ ಮನೆಯಲ್ಲಿ ಒದ್ದೆ ಟವೆಲ್ಲುಗಳು ಬಹಳ ಚೆನ್ನಾಗಿ ಒಣಗುತ್ತಿದ್ದವು. ಆದರೂ ಹುಡುಗ ಕೆಟ್ಟವನಲ್ಲ, ನಗಿಸುತ್ತಾನೆ, ಹೆಚ್ಚು ಕೇಳುವುದಿಲ್ಲ. ನೌಕರರ ಆಸ್ಪತ್ರೆ ವಿಮೆಯ ಫಾರಂ ಪೂರ್ತಿ ತುಂಬಿ ಕಳಿಸಿದ್ದ, ಸಹಿಯೊಂದೇ ಬಾಕಿ. ಮತ್ತೆ ಈ ಹೆಂಗಸೇಕೆ ಎಂದರೆ, ಕನ್ನಡಕದ ಅಂಗಡಿ ಇಟ್ಟಿರುವ ಹಳೆಯ ಗಿರಾಕಿಯೊಬ್ಬರು, "ಒಂದು ಸಲ ಮಾತಾಡಿ ನೋಡಿ" ಎಂದು ಎದುರಲ್ಲೇ ಇವಳ ನಂಬರು ಒತ್ತಿ ಫೋನು ಕೈಗಿಟ್ಟಿದ್ದರು. ಬೇಡ ಎನ್ನಲು ಅವನಿಗೆ ನಾಲಿಗೆ ಹೊರಳಿರಲಿಲ್ಲ. ಅವನ ಬದುಕಿನ ಅರ್ಧ ತೀರ್ಮಾನಗಳು ಆಗಿದ್ದೇ ಹೀಗೆ.

ಅವಳು ಹನ್ನೊಂದಕ್ಕೆ ಸರಿಯಾಗಿ ಬಂದಳು. ಕೋಟಿನವರನ್ನೋ ತೆಳ್ಳನೆಯ ಕಂಪ್ಯೂಟರಿನವರನ್ನೋ ಎದುರುನೋಡುತ್ತಿದ್ದವನಿಗೆ ಸ್ಕೂಟರಿನಿಂದ ಇಳಿದ, ಅವನಷ್ಟೇ ವಯಸ್ಸಿನ, ಹೆಲ್ಮೆಟ್ಟಿಗೆ ಕೂದಲೆಲ್ಲ ಚಪ್ಪಟೆಯಾದ ಹೆಂಗಸು ಕಂಡಳು. ಕುರ್ಚಿ ಅಲ್ಲಾಡಲಿಲ್ಲ. ಅವನು ತನ್ನ ದೊಡ್ಡ ರಿಜಿಸ್ಟರನ್ನು ತೆರೆದು, ತಾನೇ ಕಂಡುಹಿಡಿದ ವ್ಯವಸ್ಥೆಯನ್ನು ವಿವರಿಸತೊಡಗಿದ. ಹಾಜರಿ ಹಾಕುವ ರಗಳೆಯೇ ಇಲ್ಲ ಮೇಡಂ. ಒಬ್ಬೊಬ್ಬರಿಗೂ ಒಂದೊಂದು ಗುರುತು, ತಾವು ಮಾಡಿದ ಪೆಟ್ಟಿಗೆಯ ತಳಕ್ಕೆ ಪೆನ್ಸಿಲಿನಲ್ಲಿ ಹಾಕುತ್ತಾರೆ. ಸಂಜೆ ಗುರುತು ಎಣಿಸಿದರೆ ಕೂಲಿಯ ಲೆಕ್ಕ ಮುಗಿಯಿತು. ಚುಕ್ಕಿ ಹಾಕುವವಳು ಎಲ್ಲರಿಗಿಂತ ಹಳಬಳು, ಚುಕ್ಕಿಯಕ್ಕ ಅಂತಲೇ ಕರೆಯುತ್ತೇವೆ. ಸೊನ್ನೆ ಗುರುತು ಸಿಕ್ಕವನು ಮೊದಲ ವಾರ ಮುಖ ಊದಿಸಿಕೊಂಡಿದ್ದ, ಈಗ ನೀರಿನ ಬಾಟಲಿಯ ಮೇಲೂ ಅದನ್ನೇ ಬರೆದುಕೊಂಡಿದ್ದಾನೆ, ಯಾರಾದರೂ ಸೊನ್ನೆ ಅಂದರೆ ತಿರುಗಿ ನೋಡುತ್ತಾನೆ. ಅವಳು ನಕ್ಕಳು. ನಗುತ್ತಲೇ ಹಾಳೆ ತಿರುವಿದಳು, ಇನ್ನೂ ತಿರುವಿದಳು, ಹಿಂದಿನ ವರ್ಷಗಳಿಗೆ ಹೋದಳು.

"ಏಳು ವರ್ಷದಲ್ಲಿ ಯಾರೂ ಒಂದು ವಾರವೂ ಕಮ್ಮಿ ಮಾಡಿಲ್ಲ."

"ನಮ್ಮಲ್ಲಿ ಯಾರೂ ಕಾಯಿಲೆ ಬೀಳೋದೇ ಇಲ್ಲ ಮೇಡಂ" ಎಂದ, ತಾನು ಸಾಕಿದ ಗಿಡ ಚೆನ್ನಾಗಿ ಬಂದಿದೆ ಎಂದು ತೋರಿಸುವವನ ಹಾಗೆ.

"ಹಾಗಿದ್ರೆ ನಿಮಗೆ ನಾನು ಬೇಡವೇ ಬೇಡ" ಎಂದು ಅವಳು ಮೇಜಿನ ಮೇಲಿದ್ದ ಭಾವಮೈದನ ಫಾರಮ್ಮಿನ ಕಡೆ ಕಣ್ಣು ಹಾಯಿಸಿ, "ನೋಡಬಹುದಾ?" ಎಂದಳು. ಮೂರನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಕಳೆದ ಏಳು ವರ್ಷಗಳಲ್ಲಿ ಯಾವ ನೌಕರರಿಗೂ ದೊಡ್ಡ ಕಾಯಿಲೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಆಗಿಲ್ಲ. ಭಾವಮೈದ ರಿಜಿಸ್ಟರು ನೋಡಿಕೊಂಡು ತುಂಬಿದ್ದ ಸಾಲು ಅದು. "ಇದು ನಿಜವೇ ಆಗಿದ್ರೆ ಸಹಿ ಹಾಕಿ, ಅಡ್ಡಿಯಿಲ್ಲ. ಸುಳ್ಳಾಗಿದ್ರೆ, ನಾಳೆ ಯಾರೋ ಆಸ್ಪತ್ರೇಲಿ ಮಲಗಿರ್ತಾರೆ, ಕಾರ್ಡು ತೋರಿಸ್ತಾರೆ, ಕಂಪನಿಯವರು ಹಳೇದನ್ನ ಮುಚ್ಚಿಟ್ಟಿದ್ದೀರಿ ಅಂತ ಕೈ ಎತ್ತುತ್ತಾರೆ. ಹಳೇ ಕಾಯಿಲೆಯನ್ನೂ ಸೇರಿಸ್ಕೊಳ್ಳೋ ಪಾಲಿಸಿಗಳಿವೆ. ಆದ್ರೆ ಇದ್ದದ್ದನ್ನ ಇದ್ದ ಹಾಗೆ ಬರೀಬೇಕು." ಆಮೇಲೆ ಎದ್ದು, "ನಿಮ್ಮ ಜನರ ಹತ್ರ ಅರ್ಧ ಗಂಟೆ ಮಾತಾಡ್ಲಾ? ನೀವಿಲ್ದೆ" ಎಂದಳು.

ನೀವಿಲ್ಲದೆ ಎಂಬುದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ಅವನು ಧಾರಾಳವಾಗಿ ಕೈ ಬೀಸಿ ಬಾಗಿಲು ತೋರಿಸಿಯೂ ಆಗಿತ್ತು, ಅವಮಾನವಾಯಿತೆಂದು ತಿಳಿದದ್ದು ಬಾಗಿಲು ಮುಚ್ಚಿದ ಮೇಲೆ. ಕೋಣೆಗೂ ಶೆಡ್ಡಿಗೂ ನಡುವೆ ಒಂದು ಗಾಜಿನ ಕಿಟಕಿ. ಅದಕ್ಕೆ ಅಪ್ಪ ಕಂದು ಕಾಗದ ಅಂಟಿಸಿದ್ದರು. ಒಂದು ಮೂಲೆ ಎದ್ದುಬಂದಿತ್ತು. ತನ್ನದೇ ಕಾರ್ಖಾನೆಯನ್ನು ಕಳ್ಳನ ಹಾಗೆ ಇಣುಕುವುದು ಸರಿಯಲ್ಲ ಎಂದುಕೊಳ್ಳುತ್ತಲೇ ಮಂಡಿ ಬಗ್ಗಿಸಿ ಕಣ್ಣಿಟ್ಟ. ಅವಳು ರಟ್ಟಿನ ಕಟ್ಟಿನ ಮೇಲೆ ಕೂತಿದ್ದಳು. ಸುತ್ತ ಎಲ್ಲರೂ ಕೈ ನಿಲ್ಲಿಸದೆ ಮಾತಾಡುತ್ತಿದ್ದರು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ನನ್ನ ಸೀನಿನ ಬಗ್ಗೆಯೇ ಇರಬೇಕು ಎನ್ನಿಸಿ ಅವನ ಕಿವಿ ಬಿಸಿಯಾಯಿತು. ಆಮೇಲೆ ಚುಕ್ಕಿಯಕ್ಕ ಏನೋ ಹೇಳಿದಳು, ಯಾರೂ ನಗಲಿಲ್ಲ, ಸಲಹೆಗಾರ್ತಿ ಬರೆದುಕೊಂಡಳು. ಚುಕ್ಕಿಯಕ್ಕ ಒಂದು ಕೈಯನ್ನು ಸೊಂಟಕ್ಕೊತ್ತಿ ನಿಂತಿದ್ದಳು. ಹಾಗೆ ನಿಂತದ್ದನ್ನು ತಾನು ಮೊದಲೂ ನೋಡಿದ್ದೇನೆ ಎಂಬುದು ಅವನಿಗೆ ಬೇಡವೆಂದರೂ ನೆನಪಾಯಿತು. ಆರು ವರ್ಷದ ಹಿಂದೆ, ಇದೇ ಕೋಣೆಯ ಬಾಗಿಲಲ್ಲಿ, ಹೀಗೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವನು ಫೋನಿನಲ್ಲಿದ್ದ. ಅತ್ತರಿನ ಅಂಗಡಿಯವನ ಜೊತೆ ಪೆಟ್ಟಿಗೆಯ ನೀಲಿ ಬಣ್ಣದ ಜಗಳ: ಶಾಯಿಯ ನೀಲಿಯಲ್ಲ, ಅದಕ್ಕಿಂತ ಒಂದು ಚೂರು ತಿಳಿ; ತಿಳಿ ಎಂದರೆ ಆಕಾಶದ್ದಲ್ಲ, ಅದಕ್ಕಿಂತ ಗಾಢ. ಚುಕ್ಕಿಯಕ್ಕನಿಗೆ ಅವನು ಒಂದು ಬೆರಳೆತ್ತಿ ತೋರಿಸಿದ, ಒಂದು ನಿಮಿಷ ಎಂದು. ನೀಲಿ ಮುಗಿಯಲು ಎಷ್ಟೋ ಹೊತ್ತಾಯಿತು. ಫೋನಿಟ್ಟು ನೋಡಿದರೆ ಬಾಗಿಲು ಖಾಲಿ. ಅರ್ಜೆಂಟಿದ್ದರೆ ಮತ್ತೆ ಬರುತ್ತಾಳೆ ಎಂದುಕೊಂಡ. ಬರಲಿಲ್ಲ. ಎರಡು ದಿನ ಮನಸ್ಸಿಗೆ ಕಿರಿಕಿರಿಯಾಗಿತ್ತು; ಆದರೆ ಆ ವಾರವೂ ಮುಂದಿನ ವಾರವೂ ಚುಕ್ಕಿಗಳೆಲ್ಲ ಸರಿಯಾಗಿ ಬಂದಿದ್ದವು. ಕೆಲಸಕ್ಕೆ ಬರುತ್ತಿದ್ದಾಳೆಂದರೆ ಅಂಥದ್ದೇನೂ ಇರಲಾರದು ಎಂದು ನಿರಾಳವಾಗಿ ಉಸಿರುಬಿಟ್ಟಿದ್ದ.

ಆಗಲೇ ಅವನಿಗೆ ಗಾಜಿನಾಚೆ ಒಂದು ವಿಚಿತ್ರ ಕಂಡಿತು. ಕಿಂಡಿಯ ಪಕ್ಕದ ಮೇಜಿನಲ್ಲಿದ್ದ ತ್ರಿಕೋಣದ ಗುರುತಿನ ಹುಡುಗಿ ಪೆಟ್ಟಿಗೆಯೊಂದನ್ನು ಮುಗಿಸಿ, ಬೋರಲು ಹಾಕಿ, ತಳಕ್ಕೆ ತ್ರಿಕೋಣ ಬರೆಯಲಿಲ್ಲ. ಸೊನ್ನೆ ಬರೆದಳು. ಸೊನ್ನೆಯವನ ಸಾಲಿನಲ್ಲಿಟ್ಟಳು. ಅವಳ ಪಕ್ಕದವನೂ ಒಂದು ಮುಗಿಸಿ, ಸೊನ್ನೆ ಬರೆದು, ಅದೇ ಸಾಲಿನಲ್ಲಿಟ್ಟ. ಗಾಜಿನ ಈಚೆಯಿಂದ ಅವನು ಸೊನ್ನೆಯವನನ್ನು ಹುಡುಕಿದ. ಸೊನ್ನೆಯವನ ಸ್ಟೂಲು ಖಾಲಿಯಿತ್ತು. ಅದರ ಮೇಲೆ ಸೊನ್ನೆ ಬರೆದ ನೀರಿನ ಬಾಟಲಿ ಒಂದೇ ಕೂತಿತ್ತು.

ಮೋಸ! ಎಂದು ಮೊದಲು ಅನ್ನಿಸಿದ್ದು ನಿಜ. ನನ್ನ ಗುರುತು, ನನ್ನ ವ್ಯವಸ್ಥೆ, ಎಷ್ಟು ವರ್ಷದಿಂದಲೋ! ಒಳಗೆ ನುಗ್ಗಿ ಕೂಗಾಡಬೇಕೆಂದು ಎದ್ದೂ ನಿಂತ. ಆದರೆ ಕೂಗಾಡಲು ಯಾರಿಗೆ ಮೋಸವಾಯಿತು ಎಂಬುದು ಬೇಕಲ್ಲ. ಹುಡುಕಿದ. ಗಿರಾಕಿಗೆ ಪೆಟ್ಟಿಗೆ ಕಡಿಮೆಯಾಗಿರಲಿಲ್ಲ. ತನಗೂ ಆಗಿರಲಿಲ್ಲ. ಮಲಗಿದವನೊಬ್ಬನ ಪಾಲಿನ ಕೆಲಸವನ್ನು ಉಳಿದವರು ಸಂಜೆ ಇನ್ನಷ್ಟು ಹೊತ್ತು ಕೂತು ಮಾಡಿ ಹಿಂಬಾಗಿಲಿನಿಂದ ಮನೆಗೆ ಹೋಗುತ್ತಿದ್ದರು, ಅಷ್ಟೆ. ತಾನಿಲ್ಲವೇ ಎಂದು ಎದೆ ತಟ್ಟಿಕೊಂಡವನನ್ನು ಬಿಟ್ಟು, ಅವನು ಕೊಟ್ಟ ಪೆನ್ಸಿಲಿನಿಂದಲೇ ತಮ್ಮ ವಿಮೆ ತಾವು ಮಾಡಿಕೊಂಡಿದ್ದರು. ಕತ್ತರಿಸುವವನು ನೆಲ ನೋಡಿ ನಕ್ಕದ್ದು ಏಕೆಂದು ಈಗ ತಿಳಿಯಿತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಒಂದು ಗುಲಗಂಜಿ ಹೆಚ್ಚಾಗಿ, ತನ್ನನ್ನು ಆಟಕ್ಕೆ ಸೇರಿಸಿಕೊಳ್ಳದ ಹುಡುಗನಿಗೆ ಆಗುವಂಥ ದುಃಖವಾಯಿತು.

ಸಲಹೆಗಾರ್ತಿ ಬಂದು ಹೆಲ್ಮೆಟ್ಟು ತೆಗೆದುಕೊಂಡಳು. "ಏನಂದ್ರು?" ಎಂದ, ದನಿಯನ್ನು ಆದಷ್ಟು ಹಗುರಾಗಿಟ್ಟುಕೊಂಡು.

"ಅವರು ಹೇಳಿದ್ದು ಅವರದು. ನಾನು ಹೇಳೋ ಹಾಗಿಲ್ಲ. ಒಂದು ಮಾತು ಮಾತ್ರ ಹೇಳಿ ಅಂತ ಅವರೇ ಒಪ್ಪಿದ್ದಾರೆ: ಒಳಗಿರೋ ಒಬ್ರಿಗೆ ಈ ವರ್ಷವೇ ಆಪರೇಷನ್ ಆಗ್ಬೇಕು. ನನ್ನನ್ನೇ ಆರಿಸಿ ಅಂತಿಲ್ಲ ನಾನು. ಯಾರನ್ನೇ ಆರಿಸಿ, ಆ ಮೂರನೇ ಪುಟಕ್ಕೆ ಸಹಿ ಹಾಕೋ ಮುಂಚೆ ಒಳಗೆ ಹೋಗಿ ಕೇಳಿ" ಎಂದು, ಬಾಗಿಲಲ್ಲಿ ತಿರುಗಿ, "ಕುರ್ಚಿ ಕಾಲಿಗೆ ರಟ್ಟು ಇಟ್ಟಿದ್ದಕ್ಕೆ ಥ್ಯಾಂಕ್ಸ್" ಎಂದಳು. ಸ್ಕೂಟರು ಎರಡನೆಯ ಒದೆತಕ್ಕೆ ಹೊರಟಿತು.

ಮಧ್ಯಾಹ್ನವೆಲ್ಲ ಅವನು ಏನೂ ಮಾಡಲಿಲ್ಲ. ಬಿಲ್ಲು ಬರೆಯಲು ಕೂತು ತಾರೀಖು ಹಾಕಿ ಬಿಟ್ಟ. ಅವನ ಮೇಜಿನ ಮೇಲೆ ಗಿರಾಕಿಗಳ ವಿಸಿಟಿಂಗ್ ಕಾರ್ಡುಗಳನ್ನು ಇಟ್ಟುಕೊಳ್ಳುವ ಒಂದು ಪುಟ್ಟ ನೀಲಿ ಪೆಟ್ಟಿಗೆಯಿತ್ತು. ಆ ಅತ್ತರಿನ ಅಂಗಡಿಗೆ ಕೊನೆಗೂ ಒಪ್ಪಿಗೆಯಾದ ಮಾದರಿ. ಬಂದವರಿಗೆಲ್ಲ ತೋರಿಸುತ್ತಿದ್ದ, ನೀಲಿ ಅಂದರೆ ಹೀಗಿರಬೇಕು ಎಂದು. ಕಾರ್ಡುಗಳನ್ನು ಮೇಜಿನ ಮೇಲೆ ಸುರಿದು ಅದನ್ನು ಬೋರಲು ಹಾಕಿದ. ಚುಕ್ಕಿಯಿತ್ತು. ಚುಕ್ಕಿಯಕ್ಕ ಪೆನ್ಸಿಲನ್ನು ಒತ್ತಿ ಒಂದು ಸುತ್ತು ತಿರುವುತ್ತಾಳೆ, ರಟ್ಟಿನಲ್ಲಿ ಸಾಸಿವೆ ಕೂರುವಷ್ಟು ಗುಳಿ ಬೀಳುತ್ತದೆ. ಕತ್ತಲಲ್ಲಿ ಬೆರಳಾಡಿಸಿದರೂ ಅವಳದೆಂದು ಅವನು ಹೇಳಬಲ್ಲ. ಈ ಚುಕ್ಕಿಗೆ ಗುಳಿಯಿರಲಿಲ್ಲ. ಯಾರೋ ಪೆನ್ಸಿಲನ್ನು ಮೆಲ್ಲಗೆ ತಾಗಿಸಿದ್ದರು. ಅದರ ಮೇಲೆ ಬೆರಳಾಡಿಸಿದ, ಮತ್ತೆ ಆಡಿಸಿದ, ನುಣ್ಣಗಿತ್ತು. ಆರು ವರ್ಷ ಕಣ್ಣೆದುರಿಗಿದ್ದ ಪೆಟ್ಟಿಗೆ. ಅವಳು ಅಂದು ಬಾಗಿಲಲ್ಲಿ ಏನು ಹೇಳಲು ನಿಂತಿದ್ದಳು, ಆ ನೀಲಿ ಮುಗಿಯುವ ಹೊತ್ತಿಗೆ ಎಲ್ಲಿ ಮಲಗಿದ್ದಳು, ನನಗೇನು ಗೊತ್ತು, ಎಂದುಕೊಂಡ. ಗೊತ್ತುಮಾಡಿಕೊಳ್ಳಲು ಇಪ್ಪತ್ತು ಹೆಜ್ಜೆ ನಡೆದು ನಾಲ್ಕು ಸಲ ಸೀನಿದ್ದರೆ ಸಾಕಿತ್ತು.

ನಾಲ್ಕು ಗಂಟೆಗೆ ಭಾವಮೈದ ಸಿಳ್ಳೆ ಹಾಕಿಕೊಂಡು ಬಂದು ಗಿರಾಕಿಯ ಕುರ್ಚಿಯಲ್ಲಿ ಧೊಪ್ಪನೆ ಕೂತ. ರಟ್ಟಿನ ಚೂರು ಜಾರಿತು, ಕುರ್ಚಿ ಟಕ್ಕೆಂದಿತು. "ಭಾವಾ, ಇದನ್ನ ಈ ಜನ್ಮದಲ್ಲಿ ರಿಪೇರಿ ಮಾಡಿಸ್ತೀರಾ?" ಎನ್ನುತ್ತ ಪೆನ್ನು ತೆಗೆದು ಕೈಗಿಟ್ಟ. "ಇಲ್ಲೊಂದು, ಇಲ್ಲೊಂದು, ಕೊನೇಲಿ ಒಂದು. ಅಷ್ಟೇ."

"ಈ ಮೂರನೇ ಪುಟ..."

"ಅಯ್ಯೋ, ಅದು ಎಲ್ರೂ ಹಾಕೋದೇ. ಹಳೇ ಕಾಯಿಲೆ ಅಂತ ಬರೆದ್ರೆ ಅವರು ಹತ್ತು ಪ್ರಶ್ನೆ ಕೇಳ್ತಾರೆ, ರೇಟು ಏರಿಸ್ತಾರೆ. ಯಾಕೆ ಇಲ್ಲದ ಉಸಾಬರಿ?"

"ನಾಳೆ ಯಾರಾದ್ರೂ ಆಸ್ಪತ್ರೆಗೆ ಹೋದ್ರೆ?"

"ನಿಮ್ಮಲ್ಲಿ ಯಾರು ಹೋಗ್ತಾರೆ ಭಾವಾ? ನೀವೇ ಹೇಳಿದ್ರಲ್ಲ, ಯಾರೂ ಕಾಯಿಲೆ ಬೀಳಲ್ಲ ಅಂತ. ಹೋದ ತಿಂಗಳು ಊಟಕ್ಕೆ ಕೂತಾಗ ಎರಡು ಸಲ ಹೇಳಿದ್ರಿ."

ಹೇಳಿದ್ದು ಎರಡು ಸಲವಲ್ಲ, ಮೂರು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಸಹಿ ಹಾಕಿದರೆ ಸಂಜೆ ಮನೆಯಲ್ಲಿ ಹೆಂಡತಿಯ ಮುಖ ಅರಳುತ್ತದೆ, ಶೆಡ್ಡಿನಲ್ಲೂ ಎಲ್ಲರಿಗೂ ಮಿರಿಮಿರಿ ಮಿಂಚುವ ಕಾರ್ಡು ಸಿಗುತ್ತದೆ, ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಕಾರ್ಡು ಕೆಲಸಕ್ಕೆ ಬರದ ದಿನ ಬಂದಾಗಲೂ ಆ ಒಬ್ಬಳು ತನ್ನ ಬಾಗಿಲಿಗೆ ಬಂದು ಕೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಕೂತಿರು, ಬಂದೆ" ಎಂದು ಎದ್ದ.

ಶೆಡ್ಡಿನ ಬಾಗಿಲು ತೆಗೆದೊಡನೆ ಮೂರು ಸೀನು ಬಂದವು. ಎಲ್ಲರೂ ತಿರುಗಿ ನೋಡಿದರು. ತ್ರಿಕೋಣದ ಹುಡುಗಿ ಪೆನ್ಸಿಲನ್ನು ಮೇಜಿನ ಕೆಳಗೆ ಸರಿಸಿದಳು. ಅವನು ಮೂಗೊರಸಿಕೊಳ್ಳುತ್ತ ಚುಕ್ಕಿಯಕ್ಕನ ಮೇಜಿನವರೆಗೆ ಹೋದ. ಅವಳು ಹಾಳೆಗೆ ಗೋಂದು ಬಳಿದು ಪೆಟ್ಟಿಗೆಯ ಮೂಲೆಗಳಿಗೆ ಸುತ್ತುತ್ತಿದ್ದಳು. ಮೂಲೆಗೆ ಅಂಟಿಸುವ ಕಾಗದದ ಪಟ್ಟಿಯನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದಳು. ಗೋಂದು ಹಚ್ಚಿದ ಮೇಲೆ ನಿಲ್ಲಿಸುವ ಹಾಗಿಲ್ಲ, ಒಣಗಿದರೆ ಹಾಳೆ ಸುಕ್ಕಾಗುತ್ತದೆ. ಅವನು ಬಾಯಿ ತೆರೆದ. ಅವಳು ತಲೆಯೆತ್ತದೆ ಒಂದು ಬೆರಳೆತ್ತಿ ತೋರಿಸಿದಳು, ಒಂದು ನಿಮಿಷ ಎಂದು.

ಅವನು ನಿಂತ. ಕೈಗಳನ್ನು ಎಲ್ಲಿಡುವುದು ಎಂದು ತಿಳಿಯಲಿಲ್ಲ. ಮುಂದೆ ಕಟ್ಟಿಕೊಂಡ, ಬಿಟ್ಟ, ಹಿಂದೆ ಕಟ್ಟಿಕೊಂಡ. ನಿಂತವನಿಗೆ ಒಂದು ನಿಮಿಷ ಎಷ್ಟು ದೊಡ್ಡದೆಂಬುದು ಅವನಿಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಅವಳ ಬೆರಳಿನಲ್ಲಿ ಸೇಡೇನೂ ಇರಲಿಲ್ಲ, ಆ ದಿನ ಅವಳಿಗೆ ನೆನಪಿತ್ತೋ ಇಲ್ಲವೋ. ಅದಕ್ಕೇ ಇನ್ನಷ್ಟು ಚುಚ್ಚಿತು. ಅತ್ತಲಿಂದ "ಭಾವಾ, ಪೆನ್ನು ತಗೊಂಡ್ಹೋದ್ರಿ!" ಎಂಬ ಕೂಗು ಬಂತು. ಅವನು ಅಲ್ಲಾಡಲಿಲ್ಲ. ನಾಲ್ಕನೆಯ ಮೂಲೆ ಕೂತಿತು. ಅವಳು ಒದ್ದೆ ಬಟ್ಟೆಯಲ್ಲಿ ಕೈ ಒರಸಿಕೊಂಡಳು.

"ಏನ್ ಸಾರ್?"

"ಆ ವರ್ಷ... ನೀಲಿ ಪೆಟ್ಟಿಗೆ ಮಾಡಿದ್ವಲ್ಲ. ಎಷ್ಟು ದಿನ ಇರ್ಲಿಲ್ಲ ನೀವು?"

ಏಕವಚನದಲ್ಲಿ ಎಂದಿನಂತೆ ಹೊರಟ ಮಾತು ನಡುವೆ ಹೇಗೆ ಬಹುವಚನವಾಯಿತೋ ಅವನಿಗೇ ತಿಳಿಯಲಿಲ್ಲ. ಅವಳು ಉಳಿದವರ ಮುಖ ನೋಡಿದಳು. ಎಲ್ಲರೂ ತಂತಮ್ಮ ಪೆಟ್ಟಿಗೆಗಳಲ್ಲಿ ಮುಳುಗಿದಂತೆ ನಟಿಸುತ್ತಿದ್ದರು.

"ನಲವತ್ತು ದಿನ."

"ಈಗ?"

"ಮತ್ತೆ ಆಪರೇಷನ್ ಮಾಡಿಸ್ಬೇಕು ಅಂತಾರೆ ಡಾಕ್ಟ್ರು. ಹೋದ ವರ್ಷದಿಂದ ಹೇಳ್ತಾನೇ ಇದ್ದಾರೆ." ಅವಳು ಗೋಂದಿನ ಬಟ್ಟಲನ್ನು ಆಚೆ ಸರಿಸಿದಳು. "ಈಗಾಗ್ಲೇ ಸೊನ್ನೆ ಮಲಗಿದ್ದಾನೆ, ಬೆನ್ನು ಹಿಡ್ಕೊಂಡಿದೆ. ಕತ್ತರಿಸೋನೂ ಹೋದ. ಕೈ ಕಮ್ಮಿ ಸಾರ್. ನಾನೂ ಮಲಗಿದ್ರೆ ಇವರಿಗೆ ಕಷ್ಟ."

ಕ್ಷಮಿಸು ಎನ್ನಲು ಅವನು ತಯಾರಾಗಿ ಬಂದಿದ್ದ. ಆದರೆ ಬಾಯಿಂದ ಬಂದದ್ದು ಸೀನು. ಅದು ಮುಗಿದ ಮೇಲೆ, "ತಪ್ಪಾಯ್ತು ಚುಕ್ಕಿಯಕ್ಕ" ಎಂದ. "ಅವತ್ತು ಫೋನಿಡಬೇಕಿತ್ತು."

"ಹೋಗ್ಲಿ ಬಿಡಿ" ಎಂದಳು ಅವಳು. ಆದರೆ ಅವಳಿಗೆ ನೆನಪಿತ್ತು ಎಂಬುದು ಆ ಮಾತಿನಲ್ಲೇ ಗೊತ್ತಾಯಿತು. ಯಾವತ್ತು ಎಂದು ಅವಳು ಕೇಳಲಿಲ್ಲ.

"ಬೆಳಿಗ್ಗೆ ಬಂದಿದ್ರಲ್ಲ, ಆ ಹೆಲ್ಮೆಟ್ಟಿನವರು. ಹೇಗೆ ಅನ್ಸುತ್ತೆ?"

"ನಮ್ಮ ಮಾತು ಕೇಳೋಕೆ ಕೂತ್ಕೊಂಡ್ರು ಸಾರ್" ಎಂದಳು. ಸ್ವಲ್ಪ ಯೋಚಿಸಿ, "ಬಟ್ಟೆಗೆ ಗೋಂದಾಯ್ತು, ಪರವಾಗಿಲ್ಲ ಅಂದ್ರು" ಎಂದು ಸೇರಿಸಿದಳು.

ಅವನು ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ, "ರಾತ್ರಿ ಊಟಕ್ಕೆ ಮನೆಗೆ ಬಾರಯ್ಯಾ! ಸಹಿ ಇಲ್ಲ, ಊಟ ಇದೆ!" ಎಂದ. ಅತ್ತಲಿಂದ ಟಕ್ಕೆಂದು ಕುರ್ಚಿಯಿಂದ ಎದ್ದ ಶಬ್ದ. ಹೆಂಡತಿಗೆ ಏನು ಹೇಳುವುದೆಂದು ಅವನಿಗೆ ಹೊಳೆಯಲಿಲ್ಲ, ಮುಂದೆ ನೋಡಿದರಾಯಿತು. ಈ ಇಡೀ ಶೆಡ್ಡು ತನ್ನನ್ನೇ ನೋಡುತ್ತಿರುವಾಗ ಮತ್ತೆ ಮುಂದಿನ ಕೋಣೆಗೆ ಹೋಗಿ ಕೂರುವುದು ಅವನಿಂದಾಗಲಿಲ್ಲ. ಸೊನ್ನೆಯವನ ಸ್ಟೂಲಿನ ಮೇಲಿನ ಬಾಟಲಿಯನ್ನು ಕೆಳಗಿಟ್ಟು ತಾನು ಕೂತ. ಒಂದು ಹಾಳೆ ಎಳೆದುಕೊಂಡ. ಅಪ್ಪ ಬದುಕಿದ್ದಾಗ ಕಲಿತದ್ದು, ಕೈ ಮರೆತಿರಲಾರದು. ಗೋಂದು ಬಳಿದ, ಸುತ್ತಿದ, ಮೂಲೆ ಮಡಿಸಿದ, ಮತ್ತೊಂದು ಸಲ ಸೀನಿದ. ಬೋರಲು ಹಾಕಿ, ತ್ರಿಕೋಣದ ಹುಡುಗಿಯ ಪೆನ್ಸಿಲು ತೆಗೆದುಕೊಂಡು, ಬಹಳ ನಿಧಾನವಾಗಿ ಒಂದು ಸೊನ್ನೆ ಬರೆದ. ಸೊನ್ನೆಯವನ ಸಾಲಿನ ಕೊನೆಯಲ್ಲಿ ಇಡಲು ಹೋದ.

ಚುಕ್ಕಿಯಕ್ಕ ಕೈ ಚಾಚಿ ಅದನ್ನು ತೆಗೆದುಕೊಂಡಳು. ಬೆಳಕಿಗೆ ಹಿಡಿದು ಒಂದೊಂದೇ ಮೂಲೆ ನೋಡಿದಳು. ಮೂರನೆಯ ಮೂಲೆ ಬಾಯಿ ತೆರೆದಿತ್ತು.

"ಇದನ್ನ ಅವನ ಲೆಕ್ಕಕ್ಕೆ ಹಾಕ್ಬೇಡಿ ಸಾರ್, ಅವನ ಹೆಸರು ಕೆಡುತ್ತೆ" ಎಂದು ಪಕ್ಕಕ್ಕಿಟ್ಟು, ಅವನ ಮುಂದೆ ಇನ್ನೊಂದು ಹಾಳೆ ಸರಿಸಿದಳು. "ಇನ್ನೊಂದು ಮಾಡಿ."